ಬಿಎ ಸೇರುವ ಮುನ್ನ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ಪದವಿ ಕಾಲೇಜುಗಳ ಕಚೇರಿ ಮುಂದೆ ಜನ ಸೇರುತ್ತಾರೆ. ಇತಿಹಾಸ ಪಾಠ ಮಾಡುವ ನನ್ನಂಥವರನ್ನು ಆ ದಿನಗಳಲ್ಲಿ ಪ್ರವೇಶದ ಮೇಜಿನ ಹಿಂದೆ ಕೂರಿಸುವುದು ರೂಢಿ. ಜಗಳೂರಿನಿಂದ ಬಂದವರೂ ಹೊಸದುರ್ಗದಿಂದ ಬಂದವರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವರ ಗೊಣಗಾಟದ ನಡುವೆ ಎರಡು ಮಾತಿನಲ್ಲಿ ಮುಗಿಸಬೇಕಾಗುವ ಉತ್ತರಗಳನ್ನು ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ. ಅರ್ಜಿ ತುಂಬುವ ಮುನ್ನ ಓದಿ. ತುಂಬಿದ ಮೇಲೆ ಓದಿದರೆ ಕೆಲವು ಉತ್ತರಗಳು ಬೇಸರ ತರಬಹುದು.

ಮಗಳಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದೆ. ಇಷ್ಟು ಅಂಕ ಇಟ್ಟುಕೊಂಡು ಬಿಎ ಸೇರಿಸುವುದೇ?

ಅವಳಿಗೆ ಓದುವ ಇಷ್ಟವಿದ್ದರೆ ಧಾರಾಳವಾಗಿ ಸೇರಿಸಿ. ದಾವಣಗೆರೆಯಲ್ಲಿ ಈ ಪ್ರಶ್ನೆ ಇಷ್ಟು ಜೋರಾಗಿ ಕೇಳಿಬರುವುದಕ್ಕೆ ಕಾರಣವಿದೆ. 1951ರಲ್ಲೇ ಇಲ್ಲಿ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಬಂತು, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಬಂತು. ಎರಡು ಮೂರು ತಲೆಮಾರು ಆ ಕಟ್ಟಡಗಳನ್ನು ನೋಡುತ್ತ ಬೆಳೆದ ಊರಿನಲ್ಲಿ ಅಂಕ ಬಂದವರು ಅತ್ತ, ಬಾರದವರು ಇತ್ತ ಎಂಬ ಲೆಕ್ಕ ತಾನಾಗಿಯೇ ಬೇರೂರಿದೆ. ಅದರ ಫಲವಾಗಿ ಬಿಎ ತರಗತಿಗೆ ಬರುವ ಎಷ್ಟೋ ಮಕ್ಕಳು ಮೊದಲ ಸೆಮಿಸ್ಟರನ್ನು ತಾವೇನೋ ಸೋತು ಬಂದವರಂತೆ ಕಳೆಯುತ್ತಾರೆ.

ಬಿಎ ಪಾಸಾಗುವುದು ಸುಲಭ, ಕಲಿಯುವುದು ಕಷ್ಟ. ಪ್ರಯೋಗಾಲಯವಿಲ್ಲ, ದಿನವೂ ಬೆನ್ನು ಹತ್ತುವ ಮನೆಕೆಲಸವಿಲ್ಲ. ತಾನಾಗಿ ಪುಸ್ತಕ ತೆರೆಯುವವರಿಗೆ ಮೂರು ವರ್ಷ ಸಾಲದು. ತೆರೆಯದವರಿಗೆ ಕೊನೆಯಲ್ಲಿ ಅಂಕಪಟ್ಟಿ ಬಿಟ್ಟು ಕೈಗೆ ಇನ್ನೇನೂ ಸಿಗುವುದಿಲ್ಲ. ಆದ್ದರಿಂದ ಅಂಕ ಎಷ್ಟು ಎಂದು ನಾನು ಮೊದಲು ಕೇಳುವುದಿಲ್ಲ. ಪಠ್ಯದ ಹೊರಗೆ ಈಚೆಗೆ ಓದಿದ್ದು ಏನು ಎಂದು ಮಗುವನ್ನೇ ಕೇಳುತ್ತೇನೆ. ಉತ್ತರ ತಂದೆಯ ಬಾಯಿಂದ ಬಂದರೆ ಸ್ವಲ್ಪ ಅನುಮಾನಪಡುತ್ತೇನೆ.

ಪದವಿ ಈಗ ಮೂರು ವರ್ಷವೋ ನಾಲ್ಕು ವರ್ಷವೋ?

ಮೂರು ವರ್ಷ, ಆರು ಸೆಮಿಸ್ಟರ್. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕಕ್ಕೆ ಬಂದಿದ್ದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು, ಮೂರು ವಿಷಯಗಳ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ವರ್ಷಗಳಲ್ಲಿ ಸೇರಿದವರಿಗೆ ನಾಲ್ಕನೆಯ ವರ್ಷ ಓದುವ ಅವಕಾಶವನ್ನು ಉಳಿಸಲಾಯಿತು. ನಿಮ್ಮ ಅಣ್ಣನೋ ಅಕ್ಕನೋ ಆ ಸಾಲಿನವರಾಗಿದ್ದರೆ ಅವರ ಪಠ್ಯಕ್ರಮದ ಲೆಕ್ಕ ನಿಮಗೆ ಹೊಂದುವುದಿಲ್ಲ, ಅವರ ನೋಟ್ಸ್ ಕೂಡ ಪೂರ್ತಿ ಹೊಂದುವುದಿಲ್ಲ.

ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ ಅನ್ನುತ್ತಾರಲ್ಲ, ಯಾವುದು ಒಳ್ಳೆಯದು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದರೆ ಎಚ್‌ಇಪಿ. ಕೊನೆಯದರ ಬದಲು ಸಮಾಜಶಾಸ್ತ್ರ ಬಂದರೆ ಎಚ್‌ಇಎಸ್, ಐಚ್ಛಿಕ ಕನ್ನಡ ಬಂದರೆ ಎಚ್‌ಇಕೆ. ಇವಲ್ಲದೆ ಭೂಗೋಳ, ಐಚ್ಛಿಕ ಇಂಗ್ಲಿಷ್, ಪತ್ರಿಕೋದ್ಯಮ, ಮನಃಶಾಸ್ತ್ರ ಸೇರಿದ ಸಂಯೋಜನೆಗಳೂ ಉಂಟು. ಎಲ್ಲ ಕಾಲೇಜಿನಲ್ಲೂ ಎಲ್ಲವೂ ಸಿಗುವುದಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಎರಡು ಮೂರು ಸಂಯೋಜನೆಗಳಷ್ಟೇ ಇರಬಹುದು.

ಮೇಜಿನ ಮುಂದೆ ನಿಂತ ಹುಡುಗ ಸಾಮಾನ್ಯವಾಗಿ ಗೆಳೆಯ ಆರಿಸಿದ್ದನ್ನೇ ಆರಿಸುತ್ತಾನೆ. ಆ ಐದು ನಿಮಿಷದ ಆಯ್ಕೆ ಮೂರು ವರ್ಷದ ನಂತರ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಶಿಕ್ಷಕರ ನೇಮಕಾತಿಯ ಅಧಿಸೂಚನೆಯಲ್ಲಿ ಪದವಿಯಲ್ಲಿ ಓದಿರಬೇಕಾದ ವಿಷಯಗಳ ಹೆಸರೇ ಇರುತ್ತದೆ. ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕರಾಗುವ ಆಸೆಯಿದ್ದರೆ ಐಚ್ಛಿಕ ಕನ್ನಡ ಬೇಕು. ಭಾಷಾ ಪತ್ರಿಕೆಯಾಗಿ ಎಲ್ಲರೂ ಓದುವ ಕನ್ನಡ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಂಎ ಪ್ರವೇಶದಲ್ಲಿಯೂ ಪದವಿಯಲ್ಲಿ ಓದಿದ ವಿಷಯಕ್ಕೇ ಸಾಮಾನ್ಯವಾಗಿ ಮೊದಲ ಮಣೆ. ಮೂರನೆಯ ವರ್ಷದಲ್ಲಿ ಬಂದು ‘ಸರ್, ನನಗೆ ಕನ್ನಡ ಎಂಎ ಮಾಡಬೇಕಿತ್ತು’ ಎನ್ನುವ ಎಚ್‌ಇಪಿ ವಿದ್ಯಾರ್ಥಿಗಳು ಪ್ರತಿ ಸಾಲಿನಲ್ಲೂ ಸಿಗುತ್ತಾರೆ.

ಆಡಳಿತ ಸೇವೆಯ ಪರೀಕ್ಷೆ ಬರೆಯುವ ಹಂಬಲವಿರುವವರಿಗೆ ಎಚ್‌ಇಪಿ ನೆರವಾಗುತ್ತದೆ. ಸಂವಿಧಾನ, ಆಧುನಿಕ ಭಾರತದ ಇತಿಹಾಸ, ಭಾರತದ ಅರ್ಥವ್ಯವಸ್ಥೆ ಮೂರೂ ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ಬರುತ್ತವೆ. ಸಮಾಜಕಾರ್ಯದತ್ತ ಹೋಗುವವರಿಗೆ ಸಮಾಜಶಾಸ್ತ್ರ ಒಳ್ಳೆಯ ಅಡಿಪಾಯ. ಭೂಗೋಳ ಸಿಕ್ಕರೆ ಬಿಡಬೇಡಿ ಎಂಬುದು ನನ್ನ ಸ್ವಂತ ಅಭಿಪ್ರಾಯ. ಕಲಾ ವಿಭಾಗದಲ್ಲಿ ನಕ್ಷೆ ಬಿಡಿಸಿ, ಅಳತೆ ಮಾಡಿ, ಕೈಯಿಂದ ಕೆಲಸ ಮಾಡಿ ಕಲಿಯುವ ವಿಷಯ ಅದೊಂದೇ ಎನ್ನಬಹುದು. ಇತಿಹಾಸದವನಾದ ನಾನೇ ಇದನ್ನು ಹೇಳುತ್ತಿದ್ದೇನೆ ಎಂದರೆ ನಂಬಿ.

ಅರ್ಥಶಾಸ್ತ್ರದ ಬಗ್ಗೆ ಒಂದು ಎಚ್ಚರಿಕೆ. ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರು ಅಲ್ಲಿಯೂ ರೇಖಾಚಿತ್ರಗಳನ್ನು, ಸಂಖ್ಯಾಶಾಸ್ತ್ರವನ್ನು ಎದುರಿಸಬೇಕಾಗುತ್ತದೆ. ಹೆದರುವಷ್ಟೇನೂ ಇಲ್ಲ, ಆದರೆ ಇಲ್ಲವೇ ಇಲ್ಲ ಎಂದುಕೊಂಡು ಬರಬೇಡಿ.

ನಮ್ಮದು ಯಾವ ವಿಶ್ವವಿದ್ಯಾನಿಲಯ? ಕುವೆಂಪು ವಿಶ್ವವಿದ್ಯಾನಿಲಯ ಅಲ್ಲವೇ?

ಮೊದಲು ಹೌದು. 2009ರಿಂದ ದಾವಣಗೆರೆ ವಿಶ್ವವಿದ್ಯಾನಿಲಯ. ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು ಇದಕ್ಕೆ ಸೇರಿವೆ. ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿ, ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಬಳಿ ಜಿ.ಆರ್. ಹಳ್ಳಿಯ ಜ್ಞಾನಗಂಗೋತ್ರಿ. ಬಿಎ ಓದಲು ಈ ಆವರಣಗಳಿಗೆ ಹೋಗಬೇಕಿಲ್ಲ, ನಿಮ್ಮ ಕಾಲೇಜಿನಲ್ಲೇ ಎಲ್ಲ ನಡೆಯುತ್ತದೆ. ಎಂಎಗೆ ಅರ್ಜಿ ಹಾಕುವಾಗ ಮಾತ್ರ ನಿಮ್ಮ ವಿಷಯ ಯಾವ ಆವರಣದಲ್ಲಿದೆ ಎಂದು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ನಡುವೆ ಸುಮಾರು 60 ಕಿಲೋಮೀಟರ್ ಇದೆ, ರೂಮು ಹಿಡಿದ ಮೇಲೆ ಗೊತ್ತಾದರೆ ತಾಪತ್ರಯ.

ಊರಿನ ಕಾಲೇಜು ಸಾಕೋ, ಪಟ್ಟಣಕ್ಕೆ ಬರಬೇಕೋ?

ದಾವಣಗೆರೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಎಆರ್‌ಜಿ ಕಾಲೇಜು, ಹೆಣ್ಣುಮಕ್ಕಳಿಗೆ ಎವಿಕೆ ಕಾಲೇಜು ಇವೆ. ಚಿತ್ರದುರ್ಗದಲ್ಲಿ ಸರ್ಕಾರಿ ಕಲಾ ಕಾಲೇಜು, ಎಸ್‌ಜೆಎಂ ಕಾಲೇಜು ಇವೆ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಚನ್ನಗಿರಿ, ಹೊನ್ನಾಳಿ ಮೊದಲಾದ ತಾಲ್ಲೂಕು ಕೇಂದ್ರಗಳಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕಟ್ಟಡ ನೋಡಿ ಆರಿಸಬೇಡಿ. ಗ್ರಂಥಾಲಯಕ್ಕೆ ಹೋಗಿ, ವಿದ್ಯಾರ್ಥಿಗಳು ಪುಸ್ತಕ ಮುಟ್ಟಬಹುದೇ ಅಥವಾ ಕಪಾಟಿಗೆ ಬೀಗ ಹಾಕಿದೆಯೇ ನೋಡಿ. ನೀವು ಬಯಸುವ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮರಿದ್ದಾರೆ, ಆದರೆ ಅವರ ನೇಮಕಾತಿ ತಡವಾದ ವರ್ಷ ಪಾಠವೂ ತಡವಾಗುತ್ತದೆ.

ಬಸ್ಸಿನಲ್ಲಿ ದಿನವೂ ಮೂರು ಗಂಟೆ ಕಳೆದು ‘ದೊಡ್ಡ’ ಕಾಲೇಜಿಗೆ ಬರುವುದಕ್ಕಿಂತ ಹತ್ತಿರದ ಕಾಲೇಜಿನಲ್ಲಿ ಕುಳಿತು ಓದುವುದು ಮೇಲು. ಬೇಕಾದ ವಿಷಯ ಅಲ್ಲಿ ಸಿಗದಿದ್ದರೆ ಮಾತ್ರ ಬೇರೆ ಮಾತು.

ಕನ್ನಡ ಮಾಧ್ಯಮದಲ್ಲೇ ಓದಿದ್ದೇನೆ. ಇಂಗ್ಲಿಷ್ ಎಂದರೆ ಭಯ.

ಸಮಾಜ ವಿಜ್ಞಾನದ ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯಬಹುದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯುವ ಅವಕಾಶವಿದೆ, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಲೂಬಹುದು. ಆದರೆ ಕನ್ನಡದಲ್ಲಿ ಬರೆಯುವುದು ಬೇರೆ, ಕನ್ನಡವನ್ನಷ್ಟೇ ಓದುವುದು ಬೇರೆ. ನಮ್ಮ ಜಿಲ್ಲೆಯ ಶಾಸನಗಳ ಮೊದಲ ಸಂಗ್ರಹವನ್ನು ಓದಬೇಕೆಂದರೂ ಅದರ ಮುನ್ನುಡಿ, ಅನುವಾದ ಎಲ್ಲ ಇಂಗ್ಲಿಷಿನಲ್ಲಿವೆ. ದಿನಕ್ಕೆ ಒಂದು ಪುಟ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ನಿಮ್ಮ ವಿಷಯಕ್ಕೆ ಸಂಬಂಧಿಸಿದ್ದನ್ನೇ ಓದಿ. ಮಾತನಾಡುವ ಇಂಗ್ಲಿಷ್ ಕಲಿಸುವ ತರಗತಿಗಳಿಗೆ ದುಡ್ಡು ಕೊಡುವ ಮುನ್ನ ಇದನ್ನು ಒಂದು ವರ್ಷ ಮಾಡಿ ನೋಡಿ.

ಬಿಎ ಮುಗಿಸಿದರೆ ಕೆಲಸ ಸಿಗುತ್ತದೆಯೇ? ನೇರವಾಗಿ ಹೇಳಿ.

ನೇರವಾಗಿಯೇ ಹೇಳುತ್ತೇನೆ: ಬಿಎ ಮುಗಿದ ತಿಂಗಳೇ ಸಂಬಳ ಬರುವ ಕೆಲಸಗಳು ಕಡಿಮೆ. ಹೆಚ್ಚಿನ ದಾರಿಗಳಲ್ಲಿ ಇನ್ನೊಂದು ಮೆಟ್ಟಿಲು ಇರುತ್ತದೆ. ಅದು ಪರೀಕ್ಷೆಯಾಗಿರಬಹುದು, ಇನ್ನೆರಡು ಮೂರು ವರ್ಷದ ಓದಾಗಿರಬಹುದು.

ಯಾವುದೇ ಪದವಿ ಸಾಕಾಗುವ ಹುದ್ದೆಗಳು ಇವೆ: ಕೆಎಎಸ್, ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಪ್ರಥಮ ದರ್ಜೆ ಸಹಾಯಕ, ಬ್ಯಾಂಕುಗಳ ಹುದ್ದೆಗಳು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಇಂದಿಗೂ ಗೊತ್ತಿಲ್ಲ. ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ, ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಪಿಯುಸಿಯೇ ಸಾಕು, ಪದವಿ ಓದುತ್ತಲೇ ಬರೆಯಬಹುದು.

ಶಿಕ್ಷಕರಾಗಲು ಎರಡು ವರ್ಷದ ಬಿಇಡಿ ಬೇಕು. ಬಿಇಡಿಗೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50 ಅಂಕ ಇರಬೇಕು. ಆರರಿಂದ ಎಂಟನೆಯ ತರಗತಿಗೆ ಪಾಠ ಹೇಳುವ ಪದವೀಧರ ಪ್ರಾಥಮಿಕ ಶಿಕ್ಷಕರಿಗೆ ಟಿಇಟಿ ಎಂಬ ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆ ಪಾಸಾಗಿರಬೇಕು. ಪಿಯು ಉಪನ್ಯಾಸಕರಿಗೆ ಎಂಎ ಜೊತೆಗೆ ಬಿಇಡಿಯನ್ನೂ ಕೇಳುತ್ತಾರೆ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂಎಯಲ್ಲಿ ಶೇ 55 ಅಂಕ ಬೇಕು (ಪರಿಶಿಷ್ಟರಿಗೆ, ಹಿಂದುಳಿದ ವರ್ಗಗಳಿಗೆ ರಿಯಾಯಿತಿ ಇದೆ), ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾಗಿರಬೇಕು. ಎರಡೂ ಅಧ್ಯಾಪಕರ ಅರ್ಹತಾ ಪರೀಕ್ಷೆಗಳೇ, ಮೊದಲನೆಯದು ರಾಷ್ಟ್ರಮಟ್ಟದ್ದು, ಎರಡನೆಯದು ರಾಜ್ಯದ್ದು. ಕೆ-ಸೆಟ್ ಪರೀಕ್ಷೆಯನ್ನು ಮೊದಲು ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನೆಟ್‌ನಲ್ಲಿ ಮೇಲಿನ ಸಾಲಿನಲ್ಲಿ ಬಂದು ಜೆಆರ್‌ಎಫ್ ಎಂಬ ಫೆಲೋಶಿಪ್ ಗಿಟ್ಟಿಸಿದರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಎಂಎ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುವ ಅಂಕಿ ಇದು. ತರಗತಿಯಲ್ಲಿ ಅದರಷ್ಟು ಗಮನ ಸೆಳೆಯುವ ಮಾತು ಬೇರೆ ಇಲ್ಲ.

ಎರಡನೆಯ ವರ್ಷದಲ್ಲೇ ಕಾಲೇಜಿಗೆ ಚಕ್ಕರ್ ಹೊಡೆದು ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಕೋಚಿಂಗಿಗೆ ಹೋಗುವ ಚಾಳಿ ನಮ್ಮ ಕಡೆ ಹೆಚ್ಚಿದೆ. ಅಲ್ಲಿ ಹಣ ಕೊಟ್ಟು ಕೇಳುವ ಅರ್ಧಕ್ಕರ್ಧ ಪಾಠ ಇಲ್ಲಿನ ತರಗತಿಯಲ್ಲಿ ಪುಕ್ಕಟೆಯಾಗಿ ನಡೆಯುತ್ತಿರುತ್ತದೆ. ಕೋಚಿಂಗ್ ಬೇಡವೆನ್ನುತ್ತಿಲ್ಲ, ಪದವಿ ಮುಗಿಸಿ ಹೋಗಿ.

ವಕೀಲಿಕೆ, ಪತ್ರಿಕೋದ್ಯಮ, ಸಮಾಜಕಾರ್ಯ?

ಬಿಎ ನಂತರದ ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 45 ಅಂಕ ಸಾಕು. ದಾವಣಗೆರೆಯಲ್ಲಿ ಆರ್‌ಎಲ್ ಕಾನೂನು ಕಾಲೇಜು, ಚಿತ್ರದುರ್ಗದಲ್ಲಿ ಸರಸ್ವತಿ ಕಾನೂನು ಕಾಲೇಜು ಇವೆ. ಪಿಯುಸಿ ನಂತರ ನೇರವಾಗಿ ಐದು ವರ್ಷದ ಕಾನೂನು ಪದವಿಗೂ ಹೋಗಬಹುದು, ಒಂದು ವರ್ಷ ಉಳಿಯುತ್ತದೆ. ಹದಿನೆಂಟನೆಯ ವಯಸ್ಸಿಗೆ ವಕೀಲಿಕೆಯೇ ಬೇಕೆಂದು ಖಚಿತವಾಗಿ ಗೊತ್ತಿರುವವರಿಗೆ ಅದು ಸರಿ.

ಸಮಾಜಕಾರ್ಯ ಓದಿದವರಿಗೆ ಆಸ್ಪತ್ರೆ, ಮಕ್ಕಳ ರಕ್ಷಣೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸಗಳಿವೆ. ಓಡಾಟ ಬಹಳ, ಸಂಬಳ ಆರಂಭದಲ್ಲಿ ಸಾಧಾರಣ. ಪತ್ರಿಕೋದ್ಯಮದ ಬಗ್ಗೆ ಕೇಳುವವರಿಗೆ ನನ್ನ ಮೊದಲ ಪರೀಕ್ಷೆ ಇಷ್ಟೇ: ನಿನ್ನೆ ನಿಮ್ಮ ಊರಿನ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಧಾರಣೆ ಏಕೆ ಇಳಿಯಿತು ಎಂದು ಇಪ್ಪತ್ತು ಸಾಲು ಬರೆದು ತನ್ನಿ. ಬರೆದು ತಂದವರನ್ನು ಕಳಿಸುತ್ತೇನೆ, ಟಿವಿಯಲ್ಲಿ ಕಾಣಿಸಿಕೊಳ್ಳಬೇಕು ಎನ್ನುವವರನ್ನು ಇನ್ನೊಮ್ಮೆ ಯೋಚಿಸಿ ಬನ್ನಿ ಎನ್ನುತ್ತೇನೆ.

ಚಿತ್ರ ಬರೆಯುವ ಹುಚ್ಚು, ನಾಟಕದ ಹುಚ್ಚು ಇರುವವರಿಗೆ ಇಲ್ಲೇನಿದೆ?

ಇದ್ದಷ್ಟೂ ಕಣ್ಣಿಗೆ ಬಿದ್ದಿಲ್ಲ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ಇದೆ, ಈಗ ವಿಶ್ವವಿದ್ಯಾನಿಲಯದ ಭಾಗ. ಬಿವಿಎ ಎಂಬ ದೃಶ್ಯಕಲಾ ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಆದೀತು. ಮೊದಲು ಎಲ್ಲರಿಗೂ ಸಾಮಾನ್ಯ ತರಬೇತಿ, ಆಮೇಲೆ ಚಿತ್ರಕಲೆ, ಅನ್ವಯಿಕ ಕಲೆ ಎಂದು ಕವಲು. ಅನ್ವಯಿಕ ಕಲೆ ಓದಿದವರು ಜಾಹೀರಾತು, ಪುಸ್ತಕ ವಿನ್ಯಾಸ, ಆನಿಮೇಷನ್ ಕಡೆ ಹೋಗುತ್ತಾರೆ.

ರಂಗಭೂಮಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಅಲ್ಲಿನ ಶಿವಕುಮಾರ ರಂಗಪ್ರಯೋಗ ಶಾಲೆಯಲ್ಲಿ ನಟನೆ, ರಂಗಸಜ್ಜಿಕೆ, ಬೆಳಕು ಎಲ್ಲವನ್ನೂ ಅಲ್ಲೇ ಉಳಿದು ಕಲಿಯಬೇಕು. 1997ರಿಂದ ತಿರುಗಾಟ ಮಾಡುತ್ತಿರುವ ಶಿವಸಂಚಾರ ತಂಡವೂ ಅದೇ ಊರಿನದು. ಬಿಎ ಮುಗಿಸಿ ಒಂದು ವರ್ಷ ಅಲ್ಲಿ ಕಳೆದವರು ತರಗತಿಯಲ್ಲಿ ನಿಂತು ಪಾಠ ಹೇಳುವ ರೀತಿಯೇ ಬೇರೆ. ಬಿಇಡಿಯ ಎರಡು ವರ್ಷದಲ್ಲಿ ಬಾರದ ಧ್ವನಿ ಅಲ್ಲಿ ಬಂದಿರುತ್ತದೆ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ನಾಟಕವನ್ನು ಓದಿನ ವಿಷಯವೆಂದು ಪರಿಗಣಿಸಲು ಹಿಂಜರಿಯುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಪ್ರಾಜೆಕ್ಟ್ ಅಥವಾ ಕಿರುಪ್ರಬಂಧಕ್ಕೆ ವಿಷಯ ಹೇಗೆ ಹುಡುಕುವುದು? ಅಂತರ್ಜಾಲದಿಂದ ಇಳಿಸಿದರೆ ಆಗದೇ?

ಆಗುತ್ತದೆ, ಅಂಕವೂ ಬರುತ್ತದೆ, ತಲೆಗೆ ಮಾತ್ರ ಏನೂ ಬರುವುದಿಲ್ಲ. ಈ ಎರಡು ಜಿಲ್ಲೆಗಳಲ್ಲಿ ಹುಟ್ಟಿ, ‘ಭಾರತದಲ್ಲಿ ಬಡತನ’ ಎಂದು ಮೂವತ್ತು ಪುಟ ನಕಲು ಮಾಡಿ ತರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಏಕೆಂದರೆ ಬೇರೆ ಕಡೆಯವರು ರೈಲು ಹತ್ತಿ ಬಂದು ನೋಡುವ ಸಾಮಗ್ರಿ ನಮ್ಮ ಬಸ್ ಪಾಸಿನ ವ್ಯಾಪ್ತಿಯಲ್ಲಿದೆ.

ಮೊಳಕಾಲ್ಮೂರು ತಾಲ್ಲೂಕನ್ನೇ ತೆಗೆದುಕೊಳ್ಳಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಒಂದರ ಸುತ್ತಲೇ ಒಂದು ಮೂರು ಅಶೋಕನ ಶಾಸನಗಳು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಹೊರಟ ಆಜ್ಞೆ ಅದು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ ಬರೆದ ಅವನು, ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅಷ್ಟು ದೂರದ ಲಿಪಿ ಬಲ್ಲ ಗುಮಾಸ್ತನೊಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ಏಕೆ ಕುಳಿತಿದ್ದ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಮೌರ್ಯರ ಆಡಳಿತದ ಇಡೀ ಅಧ್ಯಾಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಕಾಲವನ್ನು ಗುರುತಿಸಲು ವಿದ್ವಾಂಸರು ಇಂದಿಗೂ ಆ ಅಗೆತದಿಂದಲೇ ಮಾತು ಆರಂಭಿಸುತ್ತಾರೆ.

ಚಿತ್ರದುರ್ಗದ ಕೋಟೆಯ ಪಕ್ಕದ ಚಂದ್ರವಳ್ಳಿಗೆ ಪ್ರವಾಸಕ್ಕೆ ಹೋಗದವರಿಲ್ಲ. ಅಲ್ಲಿನ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಕೆರೆಯೊಂದರ ಮಾತು ಹೇಳುತ್ತದೆ. ಅಗೆತದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ತಮಟಕಲ್ಲಿನ ಶಾಸನ ಕನ್ನಡದ ಅತಿ ಹಳೆಯ ಪದ್ಯ ಶಾಸನಗಳಲ್ಲಿ ಒಂದು, ಕನ್ನಡ ಐಚ್ಛಿಕದವರು ಛಂದಸ್ಸನ್ನು ಅಲ್ಲಿಂದಲೇ ಶುರುಮಾಡಬಹುದು. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ, ಆವರಣದ ತುಂಬ ಶಾಸನಗಳು. ಸಂತೇಬೆನ್ನೂರಿನಲ್ಲಿ ಪುಷ್ಕರಣಿ, ಅದಕ್ಕೆ ಎದುರಾಗಿ ಮುಸಾಫಿರಖಾನೆ. ಊರಿನ ಶಾಸನ ಏನೆನ್ನುತ್ತದೆ ಎಂದು ತಿಳಿಯಬೇಕಾದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 11ನೆಯ ಸಂಪುಟ ತೆಗೆಯಿರಿ. ಅದು ಆಗಿನ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ, ಹರಿಹರ, ಜಗಳೂರಿನ ಶಾಸನಗಳೂ ಅದರಲ್ಲೇ ಸಿಗುತ್ತವೆ. ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗದ ಸಂಪುಟ ನೋಡಬೇಕು.

ಹಳೆಯ ಕಾಲ ಬೇಡವೆನ್ನುವವರಿಗೂ ಕೊರತೆಯಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಕಾರ್ಮಿಕ ಕುಟುಂಬಗಳು ಯಾವ ಕಸುಬು ಹಿಡಿದವು? ಪಂಪಾಪತಿಯವರಂಥ ಕಮ್ಯುನಿಸ್ಟ್ ನಾಯಕ ಗೆದ್ದು ಬರುತ್ತಿದ್ದ ಊರಿನ ರಾಜಕೀಯ ಹೇಗೆ ಬದಲಾಯಿತು? ಆ ಗಿರಣಿಗಳಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೊಬೈಲಿನಲ್ಲಿ ಅವರ ಮಾತು ಮುದ್ರಿಸಿಕೊಳ್ಳಲು, ಅವರ ಒಪ್ಪಿಗೆ ಪಡೆದು, ಒಂದು ಮಧ್ಯಾಹ್ನ ಸಾಕು. ಇನ್ನು ಹತ್ತು ವರ್ಷ ಬಿಟ್ಟರೆ ಆ ಅವಕಾಶ ಇರುವುದಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟ ಮೇಲೆ ಕುರಿಗಾಹಿಗಳ ಬದುಕು ಏನಾಯಿತು ಎಂಬುದು ಸಮಾಜಶಾಸ್ತ್ರಕ್ಕೂ ರಾಜ್ಯಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಒಟ್ಟಿಗೆ ಸೇರಿದ ಪ್ರಶ್ನೆ. ಜಾನಪದದವರಿಗೆ ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳಿವೆ. ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು.

ಬರೆಯುವಾಗ ಒಂದೇ ನಿಯಮ: ಯಾರು ಹೇಳಿದರು, ಎಲ್ಲಿ ನೋಡಿದೆ ಎಂಬುದನ್ನು ಪ್ರತಿ ಪುಟದಲ್ಲೂ ನಮೂದಿಸಿ. ‘ಹಿರಿಯರು ಹೇಳುವಂತೆ’ ಎಂದು ಬರೆದು ತಂದರೆ ಯಾವ ಹಿರಿಯರು ಎಂದು ನಾನು ಕೇಳಿಯೇ ಕೇಳುತ್ತೇನೆ. ಮದಕರಿ ನಾಯಕನ ಬಗ್ಗೆ ಬರೆಯುವವರಿಗೆ ಇದು ಇನ್ನೂ ಮುಖ್ಯ. 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಸಂಗತಿಗೂ ನಾವು ಕೇಳಿ ಬೆಳೆದ ಕಥೆಗಳಿಗೂ ನಡುವೆ ಎಲ್ಲಿ ಗೆರೆ ಎಳೆಯಬೇಕೆಂದು ಕಲಿಯುವುದೇ ಇತಿಹಾಸದ ತರಬೇತಿ. ಕಥೆಗಳನ್ನು ಬಿಸಾಡಬೇಕಿಲ್ಲ, ಅವು ಕಥೆಗಳೆಂದು ಬರೆದರೆ ಸಾಕು.

ಗೈಡ್ ಓದಿದರೆ ಪಾಸಾಗುವುದಿಲ್ಲವೇ?

ಆಗುತ್ತೀರಿ.

ಅರ್ಜಿ, ವಿದ್ಯಾರ್ಥಿವೇತನ, ಹಾಸ್ಟೆಲ್: 

ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ರಾಜ್ಯದ ವಿಶ್ವವಿದ್ಯಾನಿಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ತಂತ್ರಾಂಶದಲ್ಲಿ ನಡೆಯುತ್ತವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಎರಡರಲ್ಲೂ ಜನ ಎಡವುವುದು ಒಂದೇ ಕಡೆ, ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ’, ಆಧಾರ್‌ನಲ್ಲಿ ‘ಮಂಜುನಾಥ್ ತಿಪ್ಪೇಸ್ವಾಮಿ’ ಎಂದಿದ್ದರೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆಯೇ ಇರುತ್ತದೆ) ಬೇಕು. ನಾಡಕಚೇರಿಯಲ್ಲಿ ಜೂನ್ ತಿಂಗಳ ನೂಕುನುಗ್ಗಲಿಗೆ ಮುಂಚೆಯೇ ಮಾಡಿಸಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿಗೇ ಹೋಗಿ ಕೇಳಿ, ಹಣ ಬರದಿರಲು ಬಹುಪಾಲು ಅದೇ ಕಾರಣ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಊಟ, ವಸತಿಗೆ ನೆರವು ಇದೆ. ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರ ಪ್ರಯಾಣವೂ ಉಚಿತ. ಹುಡುಗರು ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಇಷ್ಟಾದ ಮೇಲೂ ಮಗಳನ್ನು ಪಿಯುಸಿಗೇ ಬಿಡಿಸುತ್ತೇವೆ ಎನ್ನುವವರ ಸಮಸ್ಯೆ ದುಡ್ಡಿನದಲ್ಲ, ಅದನ್ನು ಮುಖಕ್ಕೇ ಹೇಳುತ್ತೇನೆ.

ಪಿಯುಸಿಯಲ್ಲಿ ವಿಜ್ಞಾನ ಓದಿ ಈಗ ಕಲಾ ವಿಭಾಗಕ್ಕೆ ಬರಬಹುದೇ?

ಬರಬಹುದು. ವಾಣಿಜ್ಯದವರೂ ಬರಬಹುದು. ಕಲಾ ವಿಭಾಗದಿಂದ ಬಿಎಸ್‌ಸಿಗೆ ಹೋಗಲಾಗದು ಅಷ್ಟೇ. ವಿಜ್ಞಾನದಿಂದ ಬಂದವರು ಅರ್ಥಶಾಸ್ತ್ರ, ಭೂಗೋಳ, ಮನಃಶಾಸ್ತ್ರಗಳಲ್ಲಿ ಬೇಗ ಮುಂದೆ ಹೋಗುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಉದ್ದದ ಉತ್ತರ ಬರೆಯಲು ಒದ್ದಾಡುತ್ತಾರೆ, ಎರಡನೆಯದಕ್ಕೆ ಸರಿಹೋಗುತ್ತದೆ.

ನಮ್ಮದು ಚನ್ನಗಿರಿ ಕಡೆ, ಅಡಿಕೆ ತೋಟವಿದೆ. ಹುಡುಗನಿಗೆ ಪದವಿ ಯಾಕೆ?

ತೋಟ ನೋಡಿಕೊಳ್ಳಲು ಪದವಿ ಬೇಡ, ನಿಜ. ಆದರೆ ಸಹಕಾರ ಸಂಘದ ವಾರ್ಷಿಕ ಲೆಕ್ಕಪತ್ರ ಓದಿ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು, ಪಹಣಿಯ ತಕರಾರಿಗೆ ತಾನೇ ಅರ್ಜಿ ಬರೆಯಲು, ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆ ಪರಿಶೀಲಿಸಲು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವನಿಗೆ ಇನ್ನೊಬ್ಬರ ಹಂಗಿಲ್ಲ. ಧಾರಣೆ ಚೆನ್ನಾಗಿರುವ ವರ್ಷ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂಬುದೂ ಗೊತ್ತು.

ಕೆಲಸಕ್ಕೆ ಹೋಗುತ್ತ ಓದಬಹುದೇ? ಮದುವೆಯಾಗಿ ಓದು ನಿಂತಿದೆ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದಕ್ಕೆಂದೇ ಇದೆ. ಬಿಎ, ಎಂಎ ಎರಡೂ ಅಲ್ಲಿ ಉಂಟು, ಅವರು ಕಳಿಸುವ ಕನ್ನಡ ಪಠ್ಯಗಳು ನಿತ್ಯ ತರಗತಿಯವರಿಗೂ ಉಪಯೋಗಕ್ಕೆ ಬರುತ್ತವೆ. ಸೇರುವ ಮುನ್ನ ನೀವು ಆರಿಸುವ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನು ನೋಡಿ. ಹೊರರಾಜ್ಯದ ಹೆಸರಿನಲ್ಲಿ ‘ಒಂದೇ ವರ್ಷದಲ್ಲಿ ಪದವಿ’ ಎಂದು ಗೋಡೆಗೆ ಚೀಟಿ ಅಂಟಿಸುವವರ ಹತ್ತಿರ ಸುಳಿಯಬೇಡಿ.

ಸೇರಿದ ಮೇಲೆ ವಿಷಯ ಬದಲಾಯಿಸಬಹುದೇ?

ತರಗತಿ ಆರಂಭವಾದ ಮೊದಲ ಕೆಲವು ದಿನಗಳಲ್ಲಿ, ಆ ಸಂಯೋಜನೆಯಲ್ಲಿ ಸೀಟು ಉಳಿದಿದ್ದರೆ, ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಬಹುದು. ವಿಶ್ವವಿದ್ಯಾನಿಲಯ ಪ್ರವೇಶಗಳನ್ನು ಅನುಮೋದಿಸಿದ ಮೇಲೆ ಆಗುವುದಿಲ್ಲ. ಆ ದಿನಗಳಲ್ಲಿ ಎರಡೂ ವಿಷಯಗಳ ಪಾಠಕ್ಕೆ ಹೋಗಿ ಕುಳಿತು ನೋಡಿ, ಯಾವ ಅಧ್ಯಾಪಕರೂ ಎದ್ದು ಹೋಗೆನ್ನುವುದಿಲ್ಲ. ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಬರೆದರೆ ಸಾಕು, ಪೋಷಕರ ಸಹಿ ಇರಲಿ, ಪ್ರವೇಶ ಶುಲ್ಕದ ರಸೀದಿಯ ನಕಲು ಜೊತೆಗಿರಲಿ.